ಕಿರುಬೆರಳ ಕಡೆಯ ಅಂಚು: ತುಮಕೂರಿನಿಂದ ಲೇಹ್‌ಗೆ ಹೋಗಿ ಐಸ್ ಮೇಲೆ ನಿಲ್ಲೋದು ಕಲಿತ ಕಥೆ

ಮೊನ್ನೆ ಭಾನುವಾರ ಲೇಹ್‌ನಿಂದ ವಾಪಸ್ ಬಂದೆ. ಎಡ ಸೊಂಟದ ಪಕ್ಕ ಅಂಗೈ ಅಗಲದ ನೀಲಿ ಕಲೆ ಇನ್ನೂ ಇದೆ. ಹೋಗುವ ಮುಂಚೆ ನನಗೆ ಬೇಕಿದ್ದ ಮಾಹಿತಿ ಕನ್ನಡದಲ್ಲಿ ಎಲ್ಲೂ ಸಿಗಲಿಲ್ಲ. ಕೇಳೋಣ ಅಂದರೆ ತುಮಕೂರಿನಲ್ಲಿ ಐಸ್ ಮೇಲೆ ಕಾಲಿಟ್ಟವರೇ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯಿಂದ ಇನ್ನೊಬ್ಬರು ಹೊರಟರೆ ನಾನು ಕಳೆದುಕೊಂಡ ದಿನಗಳನ್ನು ಅವರು ಕಳೆದುಕೊಳ್ಳಬಾರದು. ಅದಕ್ಕೇ ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನಗೆ 31 ವರ್ಷ. ಶಾಲೆಯೊಂದರ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಆರು ವರ್ಷದಿಂದ ಬೆಳಗಿನ ಹೊತ್ತು ಇನ್‌ಲೈನ್ ಸ್ಕೇಟಿಂಗ್ ಮಾಡುತ್ತಿದ್ದೇನೆ, ಅಂದರೆ ಒಂದೇ ಸಾಲಿನಲ್ಲಿ ನಾಲ್ಕು ಚಕ್ರ ಇರುವ ಸ್ಕೇಟು. 2025ರ ಜೂನ್‌ನಲ್ಲಿ ನಮ್ಮ ಮಹಿಳಾ ಐಸ್ ಹಾಕಿ ತಂಡ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ತಂಡದಲ್ಲಿದ್ದವರು ಹೆಚ್ಚಿನವರು ಲಡಾಖ್‌ನ ಹುಡುಗಿಯರು. ಆ ಆಟದ ತುಣುಕುಗಳನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗೋಲಿಗಿಂತ ನನ್ನ ಕಣ್ಣು ಹೋಗುತ್ತಿದ್ದದ್ದು ಅವರ ಕಾಲಿನ ಕಡೆಗೆ. ಜೋರಾಗಿ ಬಂದು ಸರ್ ಅಂತ ಅಡ್ಡ ನಿಲ್ಲುತ್ತಾರೆ. ಐಸ್ ಪುಡಿ ಹಾರುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ದಿಕ್ಕಿಗೆ ಹೊರಟಿರುತ್ತಾರೆ. ಚಕ್ರದ ಮೇಲೆ ನನಗೆ ಇದು ಯಾವತ್ತೂ ಬಂದಿರಲಿಲ್ಲ.

ಚಿಕ್ಕಮ್ಮನ ಮಗಳು ಗುಬ್ಬಿಯಲ್ಲಿದ್ದಾಳೆ, ಡಿಗ್ರಿ ಕೊನೆ ವರ್ಷ. ಲಡಾಖ್‌ನ ಲೇಹ್‌ನಲ್ಲಿ ನಡೆಯುವ ಶಿಬಿರಕ್ಕೆ ಹೋಗಿ ಇದನ್ನು ಕಲಿಯಬೇಕು ಅಂತ ಅವಳಿಗೆ ಹೇಳಿದೆ. "ಅಕ್ಕ, ಒಬ್ಬಳೇ ಹೋಗಬೇಡ, ನಾನೂ ಬರ್ತೀನಿ" ಅಂದಳು. ನಾನು 20 ತಿಂಗಳ ಚೀಟಿ ಎತ್ತಿದೆ. ಅವಳು ಟ್ಯೂಷನ್ ಹೇಳಿ ಕೂಡಿಸಿದ್ದ ದುಡ್ಡು ತಂದಳು.

ಮೊದಲ ಖರ್ಚು ಸ್ಕೇಟು. ಕೆನಡಾದಿಂದ ವಾಪಸ್ ಬಂದ ಒಬ್ಬರ ಹತ್ತಿರ ಬೆಂಗಳೂರಿನಲ್ಲಿ ಬಳಸಿದ ಹಾಕಿ ಸ್ಕೇಟು ಸಿಕ್ಕಿತು, 12,000 ರೂಪಾಯಿ. ಇಲ್ಲಿ ಒಂದು ಮಾತು. ಹಾಕಿ ಸ್ಕೇಟನ್ನು ಚಪ್ಪಲಿ, ಶೂ ಅಳತೆಯಲ್ಲಿ ತಗೋಬೇಡಿ. ಸಾಮಾನ್ಯವಾಗಿ ಶೂಗಿಂತ ಒಂದು ಅಥವಾ ಒಂದೂವರೆ ಸೈಜ್ ಕಡಿಮೆಯೇ ಸರಿಹೋಗುತ್ತದೆ. ಲೇಸ್ ಬಿಗಿದ ಮೇಲೆ ಮಂಡಿ ಬಗ್ಗಿಸಿ ನಿಂತರೆ ಹಿಮ್ಮಡಿ ಒಂಚೂರೂ ಮೇಲೇಳಬಾರದು. ಬೆರಳು ಮುಂದೆ ಸುಮ್ನೆ ತಾಗಿದಂತಿರಬೇಕು, ಮಡಚಬಾರದು. ಚಳಿ ಅಂತ ಎರಡು ಜೊತೆ ದಪ್ಪ ಸಾಕ್ಸ್ ಹಾಕಿದರೆ ಕಾಲು ಒಳಗೇ ಜಾರುತ್ತದೆ. ತೆಳು ಸಾಕ್ಸ್ ಒಂದೇ ಸಾಕು.

ಸ್ಕೇಟು ಮನೆಗೆ ಬಂದ ದಿನ ಬ್ಲೇಡನ್ನು ಹತ್ತಿರದಿಂದ ನೋಡಿದೆ. ಅಗಲ ಸುಮಾರು ಮೂರು ಮಿಲಿಮೀಟರ್. ಮೇಲಿನಿಂದ ನೋಡಿದರೆ ಒಂದು ಪಟ್ಟಿ ಅಷ್ಟೇ. ಉಗುರು ಅಡ್ಡ ಎಳೆದರೆ ಗೊತ್ತಾಗುತ್ತದೆ: ಮಧ್ಯೆ ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ಹಳ್ಳ, ಎರಡೂ ಪಕ್ಕ ಒಂದೊಂದು ಚೂಪು ಅಂಚು. ಹೆಬ್ಬೆರಳ ಕಡೆಯದು ಇನ್‌ಸೈಡ್ ಎಡ್ಜ್, ಕಿರುಬೆರಳ ಕಡೆಯದು ಔಟ್‌ಸೈಡ್ ಎಡ್ಜ್. ಐಸ್ ಮೇಲೆ ನಿಲ್ಲೋದು, ತಿರುಗೋದು ಎಲ್ಲ ಈ ಎರಡು ಅಂಚಿನ ಕೆಲಸ.

ಅಂಚು ಮೊಂಡಾದಂತೆ ಅನ್ನಿಸಿತು. ಮಂಡಿಪೇಟೆ ಕಡೆ ಸಾಣೆ ಹಿಡಿಯುವ ಅಜ್ಜ ಒಬ್ಬರಿದ್ದಾರೆ. ಅಮ್ಮನ ಈಳಿಗೆಮಣೆ, ಕತ್ತರಿ ಎಲ್ಲ ಅವರ ಹತ್ತಿರವೇ. ಸ್ಕೇಟು ತಗೊಂಡು ಹೋದೆ. ಅವರು ಬ್ಲೇಡಿನ ಮೇಲೆ ಹೆಬ್ಬೆರಳು ಆಡಿಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. "ನಡುವೆ ಹಳ್ಳ ಐತಲ್ಲಮ್ಮ. ನನ್ನ ಕಲ್ಲಿಗೆ ಕೊಟ್ರೆ ಹಳ್ಳ ಹೊಂಟೋಗ್ತದೆ. ಇದು ಬೇರೆ ಕೆಲಸ, ನಾನು ಮುಟ್ಟಲ್ಲ" ಅಂದರು. ದುಡ್ಡು ತಗೊಳ್ಳಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ. ಚಪ್ಪಟೆ ಸಾಣೆ ಹಿಡಿದರೆ ಅಂಚುಗಳೇ ಇಲ್ಲವಾಗುತ್ತವೆ. ಆದರೆ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಹೊರಗಿನ ಊರಿನ ಅಂಗಡಿಯೊಂದಕ್ಕೆ ಕೊರಿಯರ್ ಮಾಡಿ, ಸಾಣೆ ಹಿಡಿಸಿ, ಹತ್ತು ದಿನ ಕಾದು ತರಿಸಿಕೊಂಡೆ. ಹೊಳೆಯುತ್ತಿತ್ತು. ಸರಿ ಇದೆ ಅಂದುಕೊಂಡೆ. ಅದರ ಕಥೆ ಮುಂದೆ ಬರುತ್ತದೆ.

ಕಾಗದಪತ್ರ ಜಾಸ್ತಿ ಇರಲಿಲ್ಲ, ಆದರೆ ಓಡಾಟ ಇತ್ತು. ಶಿಬಿರದವರು ಕೇಳಿದ್ದು ಆಧಾರ್ ನಕಲು, ಎರಡು ಫೋಟೋ, ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್, ಮತ್ತು ಪೆಟ್ಟಾದರೆ ನಮ್ಮದೇ ಜವಾಬ್ದಾರಿ ಅಂತ ಸಹಿ ಹಾಕಿದ ಪತ್ರ. ಸರ್ಟಿಫಿಕೇಟಿಗೆ ಎರಡು ಸಲ ಅಲೆದೆ. ಮೊದಲ ಸಲ ಬರೆದುಕೊಟ್ಟ ಚೀಟಿಯಲ್ಲಿ ಬರೀ ಆರೋಗ್ಯವಾಗಿದ್ದಾರೆ ಅಂತಿತ್ತು. ಎತ್ತರದ ಜಾಗದಲ್ಲಿ ಆಟ ಆಡಲು ಯೋಗ್ಯ ಅಂತ ಬೇಕಿತ್ತು. ಇದನ್ನು ಮೊದಲೇ ಹೇಳಿ ಬರೆಸಿಕೊಳ್ಳಿ. ತುಮಕೂರು ಇರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ. ಲೇಹ್ 3,500 ಮೀಟರ್. ನಮ್ಮ ದೇವರಾಯನದುರ್ಗವನ್ನು ಒಂದರ ಮೇಲೊಂದು ಮೂರು ಸಲ ಇಟ್ಟಷ್ಟು. ಉಸಿರಾಟದ ತೊಂದರೆ, ಬಿಪಿ ಏನಾದರೂ ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡದೆ ಮಾತಾಡಿ.

ಹೋಗುವ ಮುಂಚಿನ ಮೂರು ತಿಂಗಳು ಇಲ್ಲೇ ತಯಾರಿ. ಬೆಳಗ್ಗೆ ಐದೂಮುಕ್ಕಾಲಿಗೆ ಶಾಲೆಯ ಬಾಸ್ಕೆಟ್‌ಬಾಲ್ ಅಂಗಳ. ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ಒಂದೇ ಕಾಲಿನ ಮೇಲೆ ಅದರ ಸುತ್ತ ತೇಲಿ ಹೋಗೋದು. ವೃತ್ತದ ಒಳಗಡೆ ಇರುವ ಕಾಲಿನ ಮೇಲೆ ಹೋದರೆ ಅದು ಕಿರುಬೆರಳ ಕಡೆಗೆ ಒರಗಿರಬೇಕು. ಹೊರಗಡೆ ಕಾಲಾದರೆ ಹೆಬ್ಬೆರಳ ಕಡೆಗೆ. ಹೆಬ್ಬೆರಳ ಕಡೆಗೆ ಎಲ್ಲರೂ ಒರಗುತ್ತಾರೆ, ಯಾಕೆಂದರೆ ತಪ್ಪಿದರೆ ಇನ್ನೊಂದು ಕಾಲು ಪಕ್ಕದಲ್ಲೇ ಇರುತ್ತದೆ, ಊರಿಬಿಡಬಹುದು. ಕಿರುಬೆರಳ ಕಡೆಗೆ ಒರಗಿದರೆ ಆ ಪಕ್ಕ ಏನೂ ಇಲ್ಲ. ಬರೀ ನೆಲ. ಮೈ ಅದನ್ನು ಒಪ್ಪುವುದೇ ಇಲ್ಲ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲೋದು, ಗೋಡೆ ಹಿಡಿದು ಪಾದ ಹೊರಕ್ಕೆ ವಾಲಿಸಿ ಮಂಡಿ ಬಗ್ಗಿಸೋದು, ಇವೂ ಉಪಯೋಗಕ್ಕೆ ಬಂದವು. ಇಷ್ಟನ್ನು ಐಸ್ ಇಲ್ಲದ ಊರಿನಲ್ಲೂ ಮಾಡಬಹುದು, ಖಂಡಿತ ಮಾಡಿ.

ಹೊರಟಿದ್ದು ಜನವರಿಯಲ್ಲಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿಯಲ್ಲಿ ರಾತ್ರಿ ಕಾರು ಮಾಡಿಕೊಂಡು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋದೆವು. ಸ್ಕೇಟನ್ನು ಕೈಚೀಲದಲ್ಲಿ ಇಡಬೇಡಿ, ಬ್ಲೇಡಿಗೆ ಕವರ್ ಹಾಕಿ ಚೆಕ್-ಇನ್ ಬ್ಯಾಗಿಗೇ ಹಾಕಿ. ದೆಹಲಿಯಿಂದ ಲೇಹ್ ವಿಮಾನ ಹವಾಮಾನ ಸರಿಯಿಲ್ಲ ಅಂತ ರದ್ದಾಯಿತು. ಐದು ತಾಸು ಕಾದು, ಕೊನೆಗೆ ಮರುದಿನದ ಟಿಕೆಟ್ ಕೊಟ್ಟರು. ಆ ರಾತ್ರಿ ರೂಮಿಗೆ ನನ್ನ ಪಾಲಿನದು 1,800 ಹೋಯಿತು. ಚಳಿಗಾಲದಲ್ಲಿ ಇದು ಆಗುತ್ತಿರುತ್ತದಂತೆ. ಹೋಗುವಾಗ ಬರುವಾಗ ಒಂದೊಂದು ದಿನ ಕೈಯಲ್ಲಿಟ್ಟುಕೊಳ್ಳಿ. ಇನ್ನೊಂದು: ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಬೇಕು. ನನಗೆ ಗೊತ್ತಿರಲಿಲ್ಲ. ಮೂರು ದಿನ ಅಮ್ಮನ ಜೊತೆ ಮಾತಾಡೋಕೆ ಮನೆಯೊಡತಿಯ ಫೋನೇ ಗತಿಯಾಯಿತು.

ಲೇಹ್ ತಲುಪಿದ ದಿನ ಮತ್ತು ಅದರ ಮೇಲೆ ಎರಡು ದಿನ ಏನೂ ಮಾಡಬಾರದು. ಇದು ಕಡ್ಡಾಯ. ತಂಗಿಗೆ ಮೊದಲ ರಾತ್ರಿ ತಲೆನೋವು, ವಾಂತಿ. ನನಗೆ ಮೆಟ್ಟಿಲು ಹತ್ತಿದರೆ ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಉಳಿದದ್ದು ಒಂದು ಮನೆಯಲ್ಲಿ, ನಡುಮನೆಯ ಮಧ್ಯೆ ಬುಖಾರಿ ಅನ್ನುವ ಕಬ್ಬಿಣದ ಒಲೆ. ಅದರ ಸುತ್ತಲೇ ಊಟ, ಮಾತು, ಬಟ್ಟೆ ಒಣಗಿಸೋದು. ಮನೆಯೊಡತಿಯನ್ನು ನಾವು ಆಮಾ-ಲೇ ಅಂತ ಕರೆಯುತ್ತಿದ್ದೆವು, ಅಲ್ಲಿ ಅಮ್ಮನಿಗೆ ಹಾಗೆ ಅನ್ನುತ್ತಾರೆ. ಬೆಣ್ಣೆ, ಉಪ್ಪು ಹಾಕಿದ ಚಹಾ ಕೊಟ್ಟರು. ಮೊದಲ ಗುಟುಕು ಕಷ್ಟ. ಆಮೇಲೆ ಅದಿಲ್ಲದೆ ಬೆಳಗ್ಗೆ ಹೊರಗೆ ಹೋಗೋಕೆ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಐಸ್ ಮೇಲೆ ಕಾಲಿಟ್ಟೆವು. ಅದು ಹೆಪ್ಪುಗಟ್ಟಿದ ಒಂದು ಕೆರೆ. ರಾತ್ರಿ ಊರಿನವರು ಅದರ ಮೇಲೆ ಪೈಪಿನಿಂದ ನೀರು ಬಿಡುತ್ತಾರೆ. ಬೆಳಗಾಗುವುದರೊಳಗೆ ಹಳೆ ಗೀರುಗಳೆಲ್ಲ ತುಂಬಿ ನುಣ್ಣಗೆ ಗಟ್ಟಿಯಾಗಿರುತ್ತದೆ. ಅಭ್ಯಾಸ ಬೆಳಗ್ಗೆ ಏಳಕ್ಕೆ. ಹತ್ತೂವರೆ ಹೊತ್ತಿಗೆ ಬಿಸಿಲು ಬಿದ್ದ ಕಡೆ ಮೇಲ್ಪದರ ಮೆತ್ತಗಾಗುತ್ತದೆ, ಬ್ಲೇಡು ಹೂತುಕೊಳ್ಳುತ್ತದೆ. ನಮ್ಮ ಅಮಾನಿಕೆರೆಯಷ್ಟು ದೊಡ್ಡದಲ್ಲ ಅದು. ಆದರೂ ಅದರ ನಡುವೆ ನಿಂತಾಗ ಕಾಲಡಿ ಎಲ್ಲೋ ಆಳದಲ್ಲಿ ಟಕ್ ಅಂತ ಐಸ್ ಬಿರಿಯುವ ಸದ್ದು ಕೇಳಿ ನಾನು ತಂಗಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಕೋಚ್ ಸರ್, ಅದು ಚಳಿಗೆ ಬಿಗಿಯುವ ಸದ್ದು, ಹೆದರಬೇಡಿ ಅಂದರು. ಅವರದು ಹಿಂದಿ. ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ತಂಗಿ ಹೇಳುತ್ತಿದ್ದಳು.

ಮೊದಲ ದಿನವೇ ಚಕ್ರದ ಅಭ್ಯಾಸ ಅಡ್ಡ ಬಂತು. ಇನ್‌ಲೈನ್‌ನಲ್ಲಿ ನಿಲ್ಲಬೇಕಾದರೆ ನಾನು ಹಿಂದಿನ ಕಾಲನ್ನು ಅಡ್ಡ ಇಟ್ಟು ಎಳೆಯುತ್ತಿದ್ದೆ, ಟಿ ಸ್ಟಾಪ್ ಅಂತಾರೆ. ಚಕ್ರ ಉಜ್ಜುವುದು ಹೆಬ್ಬೆರಳ ಕಡೆ. ಐಸ್ ಮೇಲೆ ಹಾಗೇ ಮಾಡಿದೆ. ನಿಲ್ಲುವ ಬದಲು ಮೈ ಗಿರ್ರನೆ ತಿರುಗಿ ಕೂತೆ. ಐಸ್‌ನಲ್ಲಿ ಟಿ ಸ್ಟಾಪ್ ಹಿಂದಿನ ಕಾಲಿನ ಕಿರುಬೆರಳ ಕಡೆಯ ಅಂಚಿನಲ್ಲಿ. ಆರು ವರ್ಷ ಮೈಗೂಡಿದ್ದು ತಿರುವುಮುರುವು. ಚಕ್ರದಿಂದ ಬರುವವರು ಇದನ್ನು ಮೊದಲೇ ತಿಳಿದುಕೊಂಡು ಬಂದರೆ ಎರಡು ದಿನ ಉಳಿಯುತ್ತದೆ.

ಸರ್ ನಮ್ಮಿಬ್ಬರನ್ನೂ ಆಟದ ಜಾಗದ ಸುತ್ತ ಇರುವ ಹಲಗೆ ಹಿಡಿದು ನಿಲ್ಲಿಸಿದರು. ಒಂದು ಕಾಲು ಊರಿ, ಇನ್ನೊಂದರ ಬ್ಲೇಡನ್ನು ಪಕ್ಕಕ್ಕೆ ತಳ್ಳಿ ಐಸ್ ಕೆರೆಯಬೇಕು. ಅಷ್ಟೇ ಕೆಲಸ, ಒಂದು ತಾಸು. ಬ್ಲೇಡು ಜಾಸ್ತಿ ವಾಲಿಸಿದರೆ ಅಂಚು ಕಚ್ಚಿ ಹಿಡಿಯುತ್ತದೆ, ಕಾಲು ಅಲ್ಲೇ ನಿಂತು ಮೈ ಮುಂದಕ್ಕೆ ಹೋಗುತ್ತದೆ. ವಾಲಿಸದೇ ಇದ್ದರೆ ಸುಮ್ನೆ ಜಾರುತ್ತದೆ. ಎರಡರ ಮಧ್ಯೆ ಒಂದು ಜಾಗ ಇದೆ. ಅಲ್ಲಿ ಕರ್ರ್ ಅಂತ ಒಂದೇ ಸಮನೆ ಸದ್ದು ಬರುತ್ತದೆ, ಬ್ಲೇಡಿನ ಮುಂದೆ ಕಾಯಿ ತುರಿದ ಹಾಗೆ ಬಿಳಿ ಪುಡಿ ಗುಡ್ಡೆ ಬೀಳುತ್ತದೆ. ಆ ಸದ್ದನ್ನು ಕಿವಿ ಹಿಡಿದ ಮೇಲೆ ಕಾಲು ತಾನೇ ಕಲಿಯಿತು. ನನ್ನ ಅನುಭವದಲ್ಲಿ ಇಡೀ ಶಿಬಿರದ ಅತಿ ಮುಖ್ಯ ತಾಸು ಇದೇ. ಯಾರೂ ಇದನ್ನು ಬೇಗ ಮುಗಿಸಬೇಡಿ.

ಆಮೇಲೆ ಹಾಕಿ ಸ್ಟಾಪ್. ಮುಂದೆ ಹೋಗುತ್ತಾ ಸ್ವಲ್ಪ ಮೇಲೆದ್ದು ಭಾರ ಹಗುರ ಮಾಡಬೇಕು. ಆ ಹಗುರಾದ ಗಳಿಗೆಯಲ್ಲಿ ಸೊಂಟ, ಪಾದ ಎರಡನ್ನೂ ಅಡ್ಡಕ್ಕೆ ತಿರುಗಿಸಿ, ಕೂಡಲೇ ಮಂಡಿ ಬಗ್ಗಿಸಿ ಕೆಳಗೆ ಒತ್ತಬೇಕು. ಎಡಕ್ಕೆ ತಿರುಗಿ ನಿಂತರೆ ಬಲಗಾಲು ಮುಂದಿರುತ್ತದೆ, ಅದು ಇನ್‌ಸೈಡ್ ಎಡ್ಜ್ ಮೇಲೆ ಕೆರೆಯುತ್ತದೆ. ಹಿಂದಿರುವ ಎಡಗಾಲು ಔಟ್‌ಸೈಡ್ ಎಡ್ಜ್ ಮೇಲೆ. ಹೆಚ್ಚಿನವರು ಮುಂದಿನ ಕಾಲಿನಲ್ಲೇ ನಿಂತುಬಿಡುತ್ತಾರೆ. ಹಿಂದಿನದು ಸುಮ್ನೆ ಜೊತೆಗೆ ಬಂದಿರುತ್ತದೆ. ನಿಂತದ್ದೇನೋ ನಿಜ. ಆದರೆ ಅಲ್ಲಿಂದ ಮತ್ತೆ ಹೊರಡೋಕೆ ಕಾಲು ಸರಿಮಾಡಿಕೊಳ್ಳಬೇಕು, ಅಷ್ಟರಲ್ಲಿ ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಎಲ್ಲೋ ಹೋಗಿರುತ್ತದೆ. ಅದಕ್ಕೇ ಸರ್ ಹಿಂದಿನ ಕಾಲು ಒಂದರಲ್ಲೇ ನಿಲ್ಲೋದು ಕಲಿಸುತ್ತಾರೆ. ಮುಂದಿನ ಕಾಲು ಎತ್ತಿ, ಬರೀ ಕಿರುಬೆರಳ ಕಡೆಯ ಅಂಚಿನಲ್ಲಿ.

ನನಗೆ ಬರಲಿಲ್ಲ. ಬಲಗಾಲಿನಲ್ಲಿ ಹತ್ತಕ್ಕೆ ಮೂರು ಬಂತು. ಎಡಗಾಲಿನಲ್ಲಿ ಒಂದೂ ಇಲ್ಲ. ಅಂಚು ಕಚ್ಚುವ ಮುಂಚೆಯೇ ಜಾರಿ ಎಡ ಸೊಂಟದ ಮೇಲೆ ಬೀಳುತ್ತಿದ್ದೆ. ಒಂದು ದಿನ, ಎರಡು ದಿನ, ಮೂರು ದಿನ, ಅದೇ ಜಾಗ, ಅದೇ ಸೊಂಟ. ಪಕ್ಕದಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳು ಅದನ್ನೇ ಮಾಡುತ್ತಿದ್ದರು. ಮೂರನೇ ರಾತ್ರಿ ಬುಖಾರಿ ಮುಂದೆ ಕೂತು ಅತ್ತುಬಿಟ್ಟೆ. ಇಷ್ಟು ದೂರ, ಇಷ್ಟು ದುಡ್ಡು, ಚೀಟಿಯ ಕಂತು ಇನ್ನೂ ಹನ್ನೊಂದು ಬಾಕಿ. ತಂಗಿ ಏನೂ ಹೇಳದೆ ನನ್ನ ಸ್ಕೇಟು ಒರೆಸುತ್ತಾ ಕೂತಿದ್ದಳು. ಒರೆಸುತ್ತಾ ಒರೆಸುತ್ತಾ, "ಅಕ್ಕ, ನಿನ್ನ ಎಡಗಾಲಿನ ಬ್ಲೇಡು ಒಂದು ಕಡೆ ಉಗುರಿಗೆ ಸಿಗ್ತದೆ, ಇನ್ನೊಂದು ಕಡೆ ಸಿಗ್ತಿಲ್ಲ ಕಣೇ" ಅಂದಳು.

ಬೆಳಗ್ಗೆ ಸಾಣೆ ಮಾಡುವವರ ಹತ್ತಿರ ಹೋದೆವು. ಸಣ್ಣ ಕೋಣೆ, ಒಂದು ಮಷಿನ್ನು. ಆತ ಸ್ಕೇಟನ್ನು ತಲೆಕೆಳಗೆ ಹಿಡಿದು, ಬ್ಲೇಡಿನ ಮೇಲೆ ಹತ್ತು ರೂಪಾಯಿ ನಾಣ್ಯವೊಂದನ್ನು ಅಡ್ಡಲಾಗಿ ಇಟ್ಟರು. ಎರಡೂ ಅಂಚು ಸಮ ಇದ್ದರೆ ನಾಣ್ಯ ತಕ್ಕಡಿಯ ದಂಡಿನಂತೆ ನೆಟ್ಟಗಿರಬೇಕು. ನನ್ನದು ಕಿರುಬೆರಳ ಕಡೆಗೆ ವಾಲಿತ್ತು. ಕಣ್ಣಿಗೇ ಕಾಣುವಷ್ಟು. ನಾನು ಕೊರಿಯರ್ ಮಾಡಿ ಸಾಣೆ ಹಿಡಿಸಿದ್ದೆನಲ್ಲ, ಅಲ್ಲಿ ಬ್ಲೇಡನ್ನು ಕಲ್ಲಿನ ನಡುವಿಗೆ ಸರಿಯಾಗಿ ಕೂರಿಸಿರಲಿಲ್ಲ. ಹಾಗಾಗಿ ಔಟ್‌ಸೈಡ್ ಎಡ್ಜ್ ತಗ್ಗಾಗಿತ್ತು. ಅಲ್ಲಿ ಹಿಡಿಯೋಕೆ ಏನೂ ಇರಲೇ ಇಲ್ಲ. ಮಂಡಿಪೇಟೆ ಅಜ್ಜ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ್ದು ನೆನಪಾಯಿತು. ತರಿಸಿಕೊಂಡ ದಿನ ನಾನೂ ಹಾಗೆ ನೋಡಬೇಕಿತ್ತು.

ಆತ ಕಲ್ಲನ್ನು ಸರಿಮಾಡಿ ಐದಾರು ಸಲ ಬ್ಲೇಡು ಹಾಯಿಸಿದರು. ಕಿಡಿ ಹಾರಿತು, ಸುಟ್ಟ ಕಬ್ಬಿಣದ ವಾಸನೆ. ಮತ್ತೆ ನಾಣ್ಯ ಇಟ್ಟರು. ನೆಟ್ಟಗೆ ನಿಂತಿತು. 400 ರೂಪಾಯಿ. ಹಳ್ಳ ತುಂಬಾ ಆಳ ಬೇಡ, ಕಲಿಯುವಾಗ ಸ್ವಲ್ಪ ಮೇಲುಮೇಲಾಗಿರಲಿ, ಅಂಚು ಕಡಿಮೆ ಕಚ್ಚುತ್ತದೆ, ಕೆರೆಯೋದು ಸುಲಭ ಅಂತಲೂ ಹೇಳಿದರು. ಎಲ್ಲೇ ಸಾಣೆ ಹಿಡಿಸಿ, ನಾಣ್ಯ ಇಟ್ಟು ನೋಡದೆ ಸ್ಕೇಟು ಕಾಲಿಗೆ ಹಾಕಬೇಡಿ.

ಅಂಚು ಸರಿಹೋದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಮೂರು ದಿನ ಬಿದ್ದ ಎಡಗಡೆಗೆ ಮೈ ಹೋಗಲೊಲ್ಲದು. ಸರ್ ಒಂದು ಉಪಾಯ ಮಾಡಿದರು. ತಂಗಿ ನನ್ನ ಹಾಕಿ ಸ್ಟಿಕ್ಕಿನ ಒಂದು ತುದಿ ಹಿಡಿಯಬೇಕು, ನಾನು ಇನ್ನೊಂದು. ನಾನು ಎಡಗಾಲಿನ ಹೊರ ಅಂಚಿನ ಮೇಲೆ ವಾಲಿ, ಅವಳ ಸುತ್ತ ವೃತ್ತ ಹೊಡೆಯಬೇಕು. ತುಮಕೂರಿನ ಸೀಮೆಸುಣ್ಣದ ವೃತ್ತವೇ. ಸುತ್ತುತ್ತಾ ಸುತ್ತುತ್ತಾ ಅವಳು ಯಾವಾಗ ಸ್ಟಿಕ್ಕು ಬಿಟ್ಟಳೋ ನನಗೆ ಗೊತ್ತಾಗಲಿಲ್ಲ. ಬಿಟ್ಟ ಮೇಲೂ ಅರ್ಧ ಸುತ್ತು ಹೋಗಿದ್ದೆ.

ಅಲ್ಲಿಂದ ವೇಗದ ತಿರುವು, ಟೈಟ್ ಟರ್ನ್. ಎಡಕ್ಕೆ ತಿರುಗಬೇಕಾದರೆ ಎಡಗಾಲು ಮುಂದೆ, ಅದೂ ಹೊರ ಅಂಚಿನ ಮೇಲೆ. ಬಲಗಾಲು ಹಿಂದೆ, ಒಳ ಅಂಚಿನ ಮೇಲೆ. ಮೊದಲು ಕಣ್ಣು ತಿರುಗಬೇಕು, ಆಮೇಲೆ ಭುಜ, ಸ್ಟಿಕ್ಕು, ಸೊಂಟ. ಕಾಲು ಕೊನೆಗೆ. ನಾನು ಕಾಲು ನೋಡುತ್ತಾ ಹೋಗುತ್ತಿದ್ದೆ, ಹಾಗಾಗಿ ತಿರುವು ಬಸ್ಸು ತಿರುಗಿದಷ್ಟು ಅಗಲ ಆಗುತ್ತಿತ್ತು. ಇನ್ನೊಂದು ತಪ್ಪು ಎಂದರೆ ಒಳಗಿನ ಭುಜ ಕೆಳಗೆ ಬಿಡೋದು. ವಾಲಬೇಕಾದದ್ದು ಸೊಂಟದಿಂದ ಕೆಳಗೆ, ಭುಜ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಸರ್ ಐಸ್ ಮೇಲೆ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟರು. ಮೊದಲು ದೂರ ದೂರ, ದಿನ ಕಳೆದಂತೆ ಹತ್ತಿರ ಹತ್ತಿರ. ಆರನೇ ದಿನಕ್ಕೆ ಬಲಕ್ಕೆ ಸಲೀಸಾಯಿತು. ಎಡಕ್ಕೆ ಒಂಬತ್ತನೇ ದಿನ.

ರಕ್ಷಣೆಯ ಸಾಮಾನಿನಲ್ಲಿ ಜಿಪುಣತನ ಮಾಡಬೇಡಿ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಮೊಣಕೈ, ಮೊಣಕಾಲು, ಸೊಂಟಕ್ಕೆ ಪ್ಯಾಡ್ ಬೇಕೇ ಬೇಕು. ಔಟ್‌ಸೈಡ್ ಎಡ್ಜ್ ಕಲಿಯುವಾಗ ಬೀಳುವುದು ಪಕ್ಕಕ್ಕೆ, ಸೊಂಟದ ಮೂಳೆಯ ಮೇಲೆ. ಕೈ ಊರಲು ಹೋದರೆ ಮಣಿಕಟ್ಟು ಹೋಗುತ್ತದೆ. ಬಾಡಿಗೆಗೆ ದಿನಕ್ಕೆ 200ರಂತೆ ಸಿಕ್ಕಿತು, ನನ್ನ 11 ದಿನಕ್ಕೆ 2,200. ಉಳಿದ ಲೆಕ್ಕ ಒಬ್ಬರದು: ವಿಮಾನ ಹೋಗಿ ಬರಲು 21,400, ಊಟ ಸೇರಿ ಮನೆ ಬಾಡಿಗೆ 14 ರಾತ್ರಿಗೆ 21,000, ಶಿಬಿರಕ್ಕೆ 6,000, ಬೆಚ್ಚನೆ ಬಟ್ಟೆಗೆ 5,500, ಕಾರಿಗೆ 3,000, ಲೇಹ್‌ನಲ್ಲಿ ಸಾಣೆ ಎರಡು ಸಲ 800. ಸ್ಕೇಟು, ದೆಹಲಿಯ ರಾತ್ರಿ ಎಲ್ಲ ಸೇರಿ ನನಗೆ 74 ಸಾವಿರದ ಹತ್ತಿರ ಬಂತು. ಕೊರಿಯರ್ ಮಾಡಿ ಹಾಳುಮಾಡಿಸಿಕೊಂಡ ಸಾಣೆಯ ದುಡ್ಡು ಇದರಲ್ಲಿ ಸೇರಿಲ್ಲ. ತಂಗಿ ಅಲ್ಲಿಯ ಸ್ಕೇಟನ್ನೇ ಬಾಡಿಗೆಗೆ ಪಡೆದಳು, ಅವಳಿಗೆ ಕಡಿಮೆ ಆಯಿತು. ಮೊದಲ ಸಲ ಹೋಗುವವರು ಹಾಗೇ ಮಾಡುವುದು ಒಳ್ಳೆಯದು ಅಂತ ಈಗ ಅನ್ನಿಸುತ್ತದೆ.

ಆಟ ಮುಗಿದ ತಕ್ಷಣ ಬ್ಲೇಡನ್ನು ಒಣ ಬಟ್ಟೆಯಲ್ಲಿ ಒರೆಸಿ. ನಡೆಯುವಾಗ ಗಟ್ಟಿ ಪ್ಲಾಸ್ಟಿಕ್ ಕವರ್, ಬ್ಯಾಗಿನಲ್ಲಿಡುವಾಗ ಬಟ್ಟೆಯ ಕವರ್. ಪ್ಲಾಸ್ಟಿಕ್ಕಿನಲ್ಲೇ ಬಿಟ್ಟರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಕೊನೆಯ ಬೆಳಗ್ಗೆ ಐಸ್ ಹಿಂದಿನ ರಾತ್ರಿಯ ನೀರಿಗೆ ಕನ್ನಡಿಯಂತಿತ್ತು. ನಾನೇ ಮೊದಲು ಇಳಿದೆ. ಅರ್ಧ ಕೆರೆ ಉದ್ದ ವೇಗ ಹಿಡಿದು, ಮೇಲೆದ್ದು, ಎಡಕ್ಕೆ ತಿರುಗಿ, ಬಲಗಾಲು ಎತ್ತಿ, ಎಡಗಾಲಿನ ಮೇಲೆ ಕೂತೆ. ಕರ್ರ್ ಅಂತ ಒಂದೇ ಸದ್ದು. ನಿಂತೆ. ಎತ್ತಿದ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸಿ ಇಟ್ಟು, ಬಂದ ದಾರಿಗೇ ಹೊರಟೆ. ತಂಗಿ ದಡದಿಂದ "ಬಂತು ಅಕ್ಕ, ಬಂತು!" ಅಂತ ಕೂಗಿದ್ದು ಕೇಳಿಸಿತು. ವಾಪಸ್ ಬಂದು ಇಬ್ಬರೂ ಮಂಡಿಯೂರಿ ಕೂತು ಗುರುತು ನೋಡಿದೆವು. ನುಣ್ಣನೆ ಐಸ್ ಮೇಲೆ ಒಂದು ಮಾರು ಉದ್ದದ ಬಿಳಿ ಪಟ್ಟಿ, ಎಲ್ಲೂ ಕಡಿದಿರಲಿಲ್ಲ. ಕೊನೆಯಲ್ಲಿ ಒಂದು ಹಿಡಿಯಷ್ಟು ಪುಡಿ. ತಂಗಿ ಅದನ್ನು ಗ್ಲೌಸ್ ತೆಗೆದು ಬರಿಗೈಯಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದಳು.